ಗೋಡೆಯ ಕಡೆ ಕ್ಯಾಮೆರಾ ತಿರುಗಿಸಿದವರು

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಹೊನ್ನಾವರದ ಸೇತುವೆಯ ಮೇಲೆ, ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದೆ ಎಂದು ಈಗಾಗಲೇ ಇಬ್ಬರಿಗೆ ಹೇಳಿದ್ದೇನೆ. ಅದು ಸುಳ್ಳು. ನಾನು ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡಿತ್ತು, ಅಂಗಡಿಯವನು ಅದನ್ನು ಬೈಯುತ್ತ ಎಳೆಯುತ್ತಿದ್ದ. ಸೇತುವೆಯಾದರೆ ಕೆಳಗೆ ಶರಾವತಿ ಇರುತ್ತದೆ, ನೀರಿನ ಮೇಲೆ ಸಂಜೆಯ ಬೆಳಕಿರುತ್ತದೆ. ಸಾವಿನ ಸುದ್ದಿಗೆ ಒಪ್ಪುವ ಜಾಗ. ನನ್ನ ನೆನಪು ಹೀಗೆಯೇ ಕೆಲಸ ಮಾಡುತ್ತದೆ, ನನ್ನನ್ನು ಕೇಳದೆ ಒಳ್ಳೆಯ ಬೆಳಕಿರುವ ಕಡೆಗೆ ಎಲ್ಲವನ್ನೂ ಸಾಗಿಸುತ್ತದೆ. ಆದ್ದರಿಂದ ಮುಂದೆ ಬರೆಯುವುದನ್ನೂ ಓದುವವರು ಸ್ವಲ್ಪ ಎಚ್ಚರದಿಂದಲೇ ಓದಬೇಕು.

ಹೆಸರು ಬರೆಯುವುದಿಲ್ಲ. ಭಟ್ಕಳದಲ್ಲಿ ಹುಟ್ಟಿದವರು, ಮನೆಮಾತು ಕೊಂಕಣಿ. ಬಹಳ ವರ್ಷ ಮುಂಬಯಿಯಲ್ಲಿ ದೊಡ್ಡ ಕ್ಯಾಮೆರಾಮನ್‌ಗಳ ಕೈಕೆಳಗೆ ಫೋಕಸ್ ಎಳೆಯುವ ಕೆಲಸ ಮಾಡಿದವರು. ನಟ ಎರಡು ಹೆಜ್ಜೆ ಮುಂದೆ ಬಂದರೆ ಲೆನ್ಸಿನ ಬಳೆಯನ್ನು ಅಷ್ಟೇ ಅಳತೆಯಲ್ಲಿ ತಿರುಗಿಸಿ, ಅವನ ಕಣ್ಣು ಮಸುಕಾಗದಂತೆ ನೋಡಿಕೊಳ್ಳುವುದು ಆ ಕೆಲಸ. "ಅಷ್ಟು ವರ್ಷ ಬೇರೆಯವರ ಕಣ್ಣು ಒರೆಸಿ ಒರೆಸಿ ಸಾಕಾತು ತಮಾ" ಎನ್ನುತ್ತಿದ್ದರು. ಐವತ್ತು ದಾಟಿದ ಮೇಲೆ ಊರ ಕಡೆ ಬಂದು ಹೊನ್ನಾವರದಲ್ಲಿ ಒಂದು ಸ್ಟುಡಿಯೋ ಇಟ್ಟರು. ಮದುವೆ, ಮುಂಜಿ, ಶಾಲೆಯ ವಾರ್ಷಿಕೋತ್ಸವ. ಭಟ್ಕಳದಿಂದ ಕುಮಟೆಯವರೆಗೆ ಎಲ್ಲರಿಗೂ ಅವರು ‘ಶೂಟಿಂಗ್ ಮಾಮ’. ನನಗೂ ಮಾಮ.

ಮದುವೆ ಮನೆಗಳಲ್ಲಿ ಅವರದ್ದೊಂದು ಕ್ರಮವಿತ್ತು. ಯಾರನ್ನು ತೆಗೆಯಬೇಕೋ ಅವರು ಕೂರುವ ಜಾಗದಲ್ಲಿ ಮೊದಲು ತಾವು ಹೋಗಿ ಕೂರುವುದು. ಮದುಮಗಳು ಬರುವ ಮುಂಚೆ ಮಂಟಪಕ್ಕೆ ಹತ್ತಿ, ಅವಳ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅಲ್ಲಿಂದ ಏನು ಕಾಣುತ್ತದೆ ಎಂದು ನೋಡುವರು. ಭಟ್ಟರು ಒಮ್ಮೆ, "ಮಾಮಾ, ಇದೇ ಮುಹೂರ್ತದಲ್ಲಿ ನಿಮ್ಮದೂ ಒಂದು ಮುಗಿಸಿಬಿಡ್ಲಾ?" ಎಂದು ಕೇಳಿದ್ದಕ್ಕೆ, "ಹೆಣ್ಣು ತಯಾರಿದ್ರೆ ನಂದೆಂತ ತಕರಾರಿಲ್ಲ" ಎಂದು ಅಲುಗಾಡದೆ ಕೂತಿದ್ದರಂತೆ.

ಧಾರೇಶ್ವರದ ಒಂದು ಮದುವೆಯ ವಿಡಿಯೋದಲ್ಲಿ ಧಾರೆಯ ಹೊತ್ತಿಗೆ ಮದುಮಗಳ ಮುಖದ ಬದಲು ಮೇಲೆ ತಿರುಗುವ ಫ್ಯಾನು ಬಂದಿತ್ತು. ಹುಡುಗಿಯ ಸೋದರಮಾವ ಪೆನ್‌ಡ್ರೈವ್ ಹಿಡಿದು ಸ್ಟುಡಿಯೋಗೆ ಬಂದ.

"ನಮ್ಮ ಹುಡುಗಿ ಎಲ್ಲಿ? ಫ್ಯಾನಿಗೆ ಧಾರೆ ಎರೆದು ಕೊಟ್ಟಿದ್ದಾ ನಾವು?"

"ಅವಳು ನೋಡ್ತಿದ್ದದ್ದು ಅದನ್ನೇ. ಬೇಕಾದ್ರೆ ಕೇಳು."

"ಅವಳು ನೋಡಿದ್ದು ನಮಗೆಂತಕೆ? ನಾವು ಅವಳನ್ನ ನೋಡೂದು ಬ್ಯಾಡ್ವಾ?"

ಸೋದರಮಾವನ ಪ್ರಶ್ನೆ ಸರಿಯಾದದ್ದೇ. ನಾನೂ ಮುಂದೆ ಅದನ್ನೇ ಕೇಳಿದೆ. ಈ ಕತೆಯನ್ನು ಎಷ್ಟು ಸಲ ಹೇಳಿದ್ದೇನೋ, ಪ್ರತಿ ಸಲವೂ ಫ್ಯಾನು ಇನ್ನಷ್ಟು ನಿಧಾನವಾಗಿ ತಿರುಗಿದೆ. ಕೊನೆಗೆ ಆ ಹುಡುಗಿ ವಿಡಿಯೋ ನೋಡಿ ಅತ್ತಳು ಎಂದೂ ಸೇರಿಸುತ್ತಿದ್ದೆ. ಅವಳನ್ನು ನಾನು ಕಂಡದ್ದೇ ಇಲ್ಲ.

ಡ್ರೋನ್ ಬಂದ ಮೇಲೆ ಅವರ ಕೆಲಸ ಕಡಿಮೆಯಾಯಿತು. ಓಂ ಬೀಚಿನಲ್ಲಿ ಮದುವೆಗೆ ಮುಂಚಿನ ಶೂಟಿಂಗ್ ಮಾಡಿಸಲು ಬಂದ ಜೋಡಿಯೊಂದು ಆಕಾಶದಿಂದ ತೆಗೆಯಿರಿ ಎಂದಿತು. "ನಿಮ್ಮನ್ನ ಮೇಲಿಂದ ನೋಡೂದು ಯಾರು? ಹದ್ದು, ಇಲ್ಲ ದೇವರು. ಇಬ್ಬರಿಗೂ ನಿಮ್ಮ ಮದುವೆ ಬಗ್ಗೆ ಆಸಕ್ತಿ ಇಲ್ಲ" ಎಂದರು. ಜೋಡಿ ಬೇರೆಯವರನ್ನು ಕರೆಸಿಕೊಂಡಿತು. ನನಗೆ ಇದನ್ನು ಹೇಳುವಾಗ ಅವರು ನಗಲಿಲ್ಲ. ಕವಳದ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿ, ಹಚ್ಚಿದ್ದು ಮರೆತು ಮತ್ತೊಮ್ಮೆ ಹಚ್ಚಿದರು.

ನಾನು ಹೊನ್ನಾವರದಲ್ಲಿ ಕಾಲೇಜು ಮೇಷ್ಟರು. ಕತೆ ಬರೆಯುತ್ತಿದ್ದೆ, ಬರೆದದ್ದು ಬೇಸರವಾಗಿ ಸಿನಿಮಾ ಮಾಡಲು ಹೊರಟೆ. ಕೆಲವು ವರ್ಷಗಳ ಹಿಂದಿನ ಮಾತು. ದೋಣಿಯಲ್ಲಿ ಹೋದ ಗಂಡ ಮರಳಿ ಬಾರದ ಒಬ್ಬ ಹೆಂಗಸಿನ ಕತೆ. ಜನ ಮೂವರೇ: ನಾನು, ಮಾಮ, ಧ್ವನಿಗೆ ನನ್ನ ಗೆಳೆಯನೊಬ್ಬ. ನಟಿಯಾಗಿ ಕುಮಟೆಯ ಮೀನು ಪೇಟೆಯಲ್ಲಿ ಕೂರುವ, ಬಾಡ ಎಂಬ ಊರಿನ ಒಬ್ಬ ಹೆಂಗಸನ್ನು ಒಪ್ಪಿಸಿದ್ದೆ. ಅವಳನ್ನು ಇಲ್ಲಿ ಸುಶೀಲಕ್ಕ ಎನ್ನುತ್ತೇನೆ, ಅದು ಅವಳ ಹೆಸರಲ್ಲ.

ಸುಶೀಲಕ್ಕನ ಗಂಡನ ದೋಣಿ ನಿಜವಾಗಿಯೂ ಮುಳುಗಿತ್ತು. ಜೊತೆಗಿದ್ದವರು ಬದುಕಿ ಬಂದರು. ಅವನು ಬರಲಿಲ್ಲ, ಹೆಣವೂ ಸಿಗಲಿಲ್ಲ. ಹೆಣ ಸಿಗದಿದ್ದರೆ ಮನೆಯವರು ಯಾವುದೋ ಒಂದು ದಿನ ನಿಶ್ಚಯ ಮಾಡಿ ಕ್ರಿಯೆ ಮುಗಿಸಬೇಕು. ಆ ದಿನವನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕು. ಅವನ ತಾಯಿ ಹೇಳಲು ಬಿಡಲಿಲ್ಲ. "ಮಗ ಬರೂಕಿದ್ದಾನೆ, ಮಲ್ಪೆ ಬದಿಗೋ ರತ್ನಾಗಿರಿ ಬದಿಗೋ ಬೇರೆ ದೋಣಿಯವರು ಎತ್ಕಂಡು ಹೋಗಿರ್ತಾರೆ" ಎಂದು ಕೂತುಬಿಟ್ಟಳು. ಹಾಗಾಗಿ ಸೊಸೆಯ ಹಣೆಯಲ್ಲಿ ಕುಂಕುಮ, ಕೈಯಲ್ಲಿ ಬಳೆ, ಮನೆಯಲ್ಲಿ ಗಂಡನ ಬಟ್ಟೆ ಮಡಿಚಿಟ್ಟ ಗಂಟು. ಎಲ್ಲವೂ ಇದ್ದ ಹಾಗೇ ಉಳಿಯಿತು.

ನನ್ನ ಚಿತ್ರಕತೆಯ ಕೊನೆಯಲ್ಲಿ ನಾಯಕಿ ಕನ್ನಡಿಯ ಮುಂದೆ ನಿಂತು ತನ್ನ ಕೈಯಾರೆ ಕುಂಕುಮ ಒರೆಸಿಕೊಳ್ಳುತ್ತಾಳೆ. ಓದಿ ಹೇಳಿದಾಗ ಸುಶೀಲಕ್ಕ ಸುಮ್ಮನಾದಳು. ಮಾತಿಗೆ ಮಾತು ಕೊಡುವ ಹೆಂಗಸು, ಒಂದು ಪಾಲು ಬಂಗಡೆಗೆ ಇಡೀ ಸಾಲನ್ನೇ ಜಗಳಕ್ಕೆ ಎಳೆಯುವವಳು. ಆವತ್ತು ನೆಲ ನೋಡುತ್ತ ಕೂತಳು. ಅತ್ತೆಗೆ ಸುದ್ದಿ ಮುಟ್ಟಿತು. ಅಲ್ಲಿಂದ ಮನೆಯಲ್ಲಿ ದಿನವೂ ಅದೇ ರಂಪ. ಆ ಮನೆಯಲ್ಲಿ ಆ ಹಣೆಯ ಕುಂಕುಮ ಒರೆಸಿದರೆ, ಅದು ಸಿನಿಮಾಕ್ಕೇ ಇರಲಿ, ಅವನು ಸತ್ತ ಹಾಗೆ.

ನಾನು ಬಡಪೆಟ್ಟಿಗೆ ಸುಮ್ಮನಾಗುವವನಲ್ಲ. ಮುದುಕಿಯ ಹತ್ತಿರ ವಾದಕ್ಕೆ ಕೂತೆ. "ಅಮ್ಮಾ, ಯಕ್ಷಗಾನದ ಆಟದಲ್ಲಿ ಸತ್ತ ವೇಷಧಾರಿ ಚೌಕಿಗೆ ಹೋಗಿ ಚಾ ಕುಡಿಯೂದಿಲ್ವಾ? ಇದೂ ಹಾಗೇ."

"ಅದು ಬಣ್ಣ. ಇದು ಕುಂಕುಮ" ಎಂದಳು ಮುದುಕಿ.

ನಾನು ಚಿತ್ರಕತೆಯ ಹಾಳೆ ಮಡಿಚಿಕೊಂಡು ಎದ್ದೆ.

ಈ ನಡುವೆ ಉಳಿದ ಚಿತ್ರೀಕರಣ ನಡೆದಿತ್ತು. ಮಾಮ ಸುಶೀಲಕ್ಕನ ವಿಷಯದಲ್ಲೂ ತಮ್ಮ ಕ್ರಮ ಬಿಡಲಿಲ್ಲ. ಪೇಟೆಯಲ್ಲಿ ಅವಳ ಜಾಗದಲ್ಲಿ ಕೂತು ನೋಡಿದರು. ಅಲ್ಲಿಂದ ಕಾಣುವುದು ಗಿರಾಕಿಗಳ ಮುಖವಲ್ಲ, ಮಂಡಿ, ಕೈಚೀಲ, ಚಪ್ಪಲಿ. ಆ ದೃಶ್ಯದಲ್ಲಿ ಕ್ಯಾಮೆರಾ ಮಂಡಿಗಿಂತ ಮೇಲೇಳಲಿಲ್ಲ. ಅವಳು ಮೀನಿನ ಬುಟ್ಟಿ ಹೊತ್ತು ನಡೆಯುವ ಕಡೆ ಕ್ಯಾಮೆರಾ ಎಲ್ಲೂ ಮೇಲೆ ಕೆಳಗೆ ಬಾಗಲಿಲ್ಲ. "ಬುಟ್ಟಿ ಹೊತ್ತವಳು ಕಾಲು ನೋಡ್ಕಣೂಕೆ ಆಗ್ತದಾ? ಕುತ್ತಿಗೆ ನೆಟ್ಟಗೆ. ಎಡವಿದ್ರೆ ಎಡವಿದ ಮೇಲೇ ಗೊತ್ತಾಗೂದು. ಕ್ಯಾಮೆರಾಕ್ಕೂ ಹಾಗೇ ಇರ್ಲಿ." ನೋಡುವವನಿಗೆ ಕಾರಣ ತಿಳಿಯುವುದಿಲ್ಲ, ಕುತ್ತಿಗೆ ಮಾತ್ರ ಬಿಗಿಯುತ್ತದೆ.

ಅವರು ಹೇಳಿದ್ದೆಲ್ಲ ಸರಿಯಿತ್ತು ಎಂದಲ್ಲ. ದೋಣಿ ಹೊರಡುವ ದೃಶ್ಯವನ್ನು, ಅವಳ ಕಂಗಾಲು ಕಾಣಬೇಕೆಂದು, ಕೈಯಲ್ಲೇ ಕ್ಯಾಮೆರಾ ಹಿಡಿದು ತೆಗೆದರು. ಅದು ಕಂಗಾಲು ಅನ್ನಿಸಲಿಲ್ಲ, ಕ್ಯಾಮೆರಾದವನಿಗೆ ವಾಂತಿ ಬರುತ್ತಿದೆ ಅನ್ನಿಸಿತು. ಇಡೀ ದೃಶ್ಯ ಬಿಸಾಡಿದೆವು. ಮುಖವನ್ನು ಹತ್ತಿರದಿಂದ ತೆಗೆಯುವುದೆಂದರೆ ಅವರಿಗೆ ಆಗುತ್ತಿರಲಿಲ್ಲ. "ಮುಖ ಅಂದ್ರೆ ಮನೆಯ ಮುಂಬಾಗ್ಲು. ಅದ್ರ ಎದ್ರಿಗೆ ಕೂತ್ರೆ ಒಳಗಿನದು ಕಾಣ್ತದಾ?" ನನಗೆ ಬಾಗಿಲೇ ಬೇಕಿತ್ತು. ಬಾಗಿಲು ಅಲುಗುವುದು ಕಂಡರೆ ಒಳಗೆ ಯಾರೋ ಇದ್ದಾರೆಂದು ತಿಳಿಯುತ್ತದೆ ಎಂದು ನನ್ನ ವಾದ. ದಿನವೂ ಇದೇ ಜಗಳ. ಆ ಬಾಗಿಲಿನ ಮಾತು ನಿಜವಾಗಿ ಅವರದೋ, ಆಮೇಲೆ ಎಲ್ಲೋ ಮಾತಾಡುವಾಗ ನಾನು ಅವರ ಬಾಯಿಗೆ ಹಾಕಿದ್ದೋ, ಈಗ ಹೇಳಲಾರೆ.

ಕೊನೆಯ ದೃಶ್ಯದ ದಿನ ಬಂತು. ಸುಶೀಲಕ್ಕ ಬೇಡವೆಂದಿರಲಿಲ್ಲ, ಆಗಲಿ ಎಂದೂ ಅಂದಿರಲಿಲ್ಲ. ನಾವು ಬೆಳಿಗ್ಗೆ ಹೋದಾಗ ಅತ್ತೆ ಅಂಗಳದಲ್ಲಿ ಒಣಗಲು ಹಾಕಿದ ಶೆಟ್ಲಿ, ಅಂದರೆ ಸಿಗಡಿ, ಕಾಯುತ್ತ ಕೂತಿದ್ದಳು. ಕೈಯಲ್ಲಿ ಕಾಗೆ ಓಡಿಸುವ ಕೋಲು. ಅದು ಕಾಗೆಗೋ ನಮಗೋ ಗೊತ್ತಾಗಲಿಲ್ಲ. ಮಾಮ ಒಳಗೆ ಹೋಗಿ, ಬೆಳಕು ನೋಡಿ, ಹೊರಗೆ ಬಂದು, "ಎಲ್ಲರೂ ಹೊರಗೇ ಇರಿ. ನೀನೂ" ಎಂದರು.

"ಮಾಮಾ, ನಾನು ಡೈರೆಕ್ಟರು."

"ಇರು. ಡೈರೆಕ್ಟರಾಗೇ ಇರು. ಜಗಲಿ ಮೇಲೆ ಇರು."

ಧ್ವನಿಯ ಯಂತ್ರವನ್ನೂ ಹೊರಗೇ ಇಡಿಸಿ ಬಾಗಿಲು ಹಾಕಿಕೊಂಡರು. ನಾನು ಮುದುಕಿಯ ಪಕ್ಕ ಕೂತೆ. ಅವಳು ಬಾಗಿಲನ್ನೇ ನೋಡುತ್ತಿದ್ದಳು, ಕಾಗೆಗಳು ಶೆಟ್ಲಿ ಹೊತ್ತೊಯ್ದವು. ಒಳಗಿನಿಂದ ಏನೂ ಕೇಳಿಸಲಿಲ್ಲ. ಕಡಲಿನ ಸದ್ದಿತ್ತು, ಅಷ್ಟೇ. ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಮಾಮ ಕ್ಯಾಮೆರಾವನ್ನು ಚೀಲಕ್ಕೆ ಹಾಕುತ್ತಿದ್ದರು. ಸುಶೀಲಕ್ಕ ಹಿಂದಿನಿಂದ ಬಂದು ನೀರಿನ ಕೊಡ ಎತ್ತಿಕೊಂಡು ಬಾವಿಯ ಕಡೆ ಹೋದಳು. ಹಣೆಯಲ್ಲಿ ಕುಂಕುಮ ಇತ್ತು. ಮುದುಕಿ ಅದನ್ನು ನೋಡಿದಳು, ಕೋಲು ಕೆಳಗಿಟ್ಟಳು.

ರಾತ್ರಿ ಕಂಪ್ಯೂಟರಿನಲ್ಲಿ ಹಾಕಿ ನೋಡಿದರೆ ಬರೀ ಗೋಡೆ. ಕನ್ನಡಿಯನ್ನು ಮೊಳೆಯಿಂದ ತೆಗೆದಿದ್ದರು. ಅದು ಇದ್ದ ಕಡೆ ಸುಣ್ಣ ಸ್ವಲ್ಪ ಬೆಳ್ಳಗಿತ್ತು, ಸುತ್ತ ಒಲೆಯ ಹೊಗೆ ಹಿಡಿದ ಬಣ್ಣ. ಕಿಟಕಿಯಿಂದ ಬಿದ್ದ ಬೆಳಕು ಆ ಬಿಳಿ ಚೌಕದ ಮೇಲಿದೆ. ಬೆಳಕು ನಿಧಾನಕ್ಕೆ ಕುಂದುತ್ತದೆ. ಫೋಕಸ್ ಸಡಿಲವಾಗಿ ಗೋಡೆ ಮಸುಕಾಗುತ್ತದೆ, ಬಹಳ ಹೊತ್ತು ಮಸುಕಾಗಿಯೇ ಇರುತ್ತದೆ. ಮತ್ತೆ ಮೊಳೆ ಸ್ಪಷ್ಟವಾಗುತ್ತದೆ. ಅಷ್ಟೇ.

ನಾನು ಕೂಗಾಡಿದೆ. ಇಡೀ ಸಿನಿಮಾ ಆ ಮುಖಕ್ಕಾಗಿ ಕಾದಿತ್ತು, ಅದೆಲ್ಲಿ ಎಂದೆ.

"ಮುಖ ಬೇಕಾದ್ರೆ ಅವಳ ಆಧಾರ್ ಕಾರ್ಡ್ ನೋಡು" ಎಂದು ಮಾಮ ಎದ್ದು ಹೋದರು.

ಕೆಲವು ತಿಂಗಳು ನಾವು ಮಾತಾಡಲಿಲ್ಲ. ಬೇರೆ ದಾರಿ ಇರಲಿಲ್ಲವೆಂದು ಆ ಗೋಡೆಯನ್ನೇ ಕೊನೆಗೆ ಜೋಡಿಸಿ, ಅದರ ಕೆಳಗೆ ಕಡಲಿನ ಸದ್ದು ಹಾಕಿದೆ. ಸಿನಿಮಾ ಹೆಚ್ಚು ಕಡೆ ಹೋಗಲಿಲ್ಲ. ಹೋದ ಕಡೆಯೆಲ್ಲ ಜನ ಕೇಳಿದ್ದು ಗೋಡೆಯ ಬಗ್ಗೆ. ಒಂದು ಊರಿನಲ್ಲಿ ಒಬ್ಬಾಕೆ ಎದ್ದು ನಿಂತು ಏನೋ ಕೇಳಲು ಹೋಗಿ, ಕೇಳಲಾಗದೆ ಕೂತಳು. ನಿಧಾನವಾಗಿ ನಾನೂ ವಿವರಿಸುವುದನ್ನು ಕಲಿತೆ. ಕ್ಯಾಮೆರಾ ಇಲ್ಲಿ ಅವಳ ಕಣ್ಣು, ಕನ್ನಡಿಯಿಲ್ಲದ ಜಾಗದಲ್ಲಿ ಅವಳು ತನ್ನನ್ನು ತಾನು ಕಾಣಲಾರಳು, ಬೆಳಕು ಕುಂದುವುದು ಅವಳೊಳಗೆ ಆಗುವುದು, ಹೀಗೆ. ಕೊನೆಯಲ್ಲಿ ಒಂದು ಮಾತು ಸೇರಿಸುತ್ತಿದ್ದೆ. ಆ ಹೆಂಗಸಿಗೆ ಕುಂಕುಮ ಒರೆಸಿಕೊಳ್ಳಲು ಇಷ್ಟವಿರಲಿಲ್ಲ, ಒಬ್ಬ ದೊಡ್ಡ ಛಾಯಾಗ್ರಾಹಕ ತನ್ನ ಕಲೆಯಿಂದ ಅವಳನ್ನು ಅದರಿಂದ ಪಾರುಮಾಡಿದ. ಜನ ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಕಾಲೇಜಿನಲ್ಲೂ ಇದರ ಮೇಲೆ ಪಾಠ ಮಾಡಿದ್ದೇನೆ.

ಮಾಮನಿಗೆ ಈ ಹೊಗಳಿಕೆ ಮುಟ್ಟಿಸಲು ಹೋದೆ. "ಗೋಡೆ ಹೊಗಳೂಕೆ ಅಷ್ಟು ದೂರ ಹೋಗಿದ್ಯಾ? ಇಲ್ಲೇ ಬೇಕಾದಷ್ಟಿದ್ದಾವೆ" ಎಂದರು. ಬೆಳಕು ಕುಂದಿಸಿದ್ದು ಹೇಗೆ ಎಂದರೆ ಒಂದು ದಿನ "ಮೋಡ ಬಂತು" ಎಂದರು, ಇನ್ನೊಂದು ದಿನ "ನಾನೇ ಕಿಂಡಿ ಮುಚ್ಚಿದೆ" ಎಂದರು. ಫೋಕಸ್ ಯಾಕೆ ತಪ್ಪಿತು ಎಂದು ಮಾತ್ರ ನಾನು ಕೇಳಲಿಲ್ಲ. ಅದು ಬೇಕೆಂದೇ ಮಾಡಿದ್ದೆಂದು ನನಗೆ ಅಷ್ಟು ಖಾತ್ರಿಯಿತ್ತು.

ಆಮೇಲೆ ಸ್ಟುಡಿಯೋ ಮುಚ್ಚಿ ಭಟ್ಕಳದಲ್ಲಿ ತಂಗಿಯ ಮನೆಗೆ ಹೋದರು. ಕೊನೆಯ ಸಲ ನೋಡಿದಾಗ ಸದ್ದು ಬಂದ್ ಮಾಡಿ ಟಿವಿ ಧಾರಾವಾಹಿ ನೋಡುತ್ತಿದ್ದರು. ಅತ್ತೆ ಸೊಸೆಯ ಮುಖಕ್ಕೆ ಕ್ಯಾಮೆರಾ ಮೂರು ಮೂರು ಸಲ ನುಗ್ಗುತ್ತಿತ್ತು. "ಪಾಪ, ಬಾಗ್ಲು ಬಡಿದೂ ಬಡಿದೂ ನೋಡ್ತದೆ. ಯಾರೂ ತೆಗೆಯೂದಿಲ್ಲ" ಎಂದರು. ಸಿನಿಮಾದ ಮಾತೆತ್ತಿದರೆ ಕೈ ಬೀಸಿ ತಳ್ಳಿಬಿಟ್ಟರು. ದಣಿದಿದ್ದರು. ನಾನೂ ಆ ಹೊತ್ತಿಗೆ ಇನ್ನೊಂದು ಸಿನಿಮಾ ಮಾಡುವ ಆಸೆ ಬಿಟ್ಟಿದ್ದೆ. ಇಬ್ಬರೂ ಸದ್ದಿಲ್ಲದ ಟಿವಿ ನೋಡುತ್ತ ಕೂತೆವು, ತಂಗಿ ಚಾ ತಂದಿಟ್ಟಳು, ಅದು ಆರಿತು.

ಅವರು ಹೋದ ಮೇಲೆ ಪತ್ರಿಕೆಯವರು ಒಂದು ಲೇಖನ ಕೇಳಿದರು. ನನ್ನ ಬಳಿ ತಯಾರಿತ್ತು. ಫ್ಯಾನು, ಹದ್ದು, ಗೋಡೆ, ಪಾರುಮಾಡಿದ್ದು. ಸೇತುವೆಯನ್ನೂ ಆಗಲೇ ಸೇರಿಸಿಯಾಗಿತ್ತು. ಬರೆಯುವ ಮುಂಚೆ ಸುಶೀಲಕ್ಕನಿಗೆ ಸುದ್ದಿ ತಿಳಿಸಬೇಕೆಂದು ಕುಮಟೆಗೆ ಹೋದೆ. ಪೇಟೆಯಲ್ಲಿ ಮಧ್ಯಾಹ್ನದ ಹೊತ್ತು, ವ್ಯಾಪಾರ ಸೋತಿತ್ತು. ಅವಳಿಗೆ ಆಗಲೇ ಗೊತ್ತಿತ್ತು. ನಾನು ಬರೆಯುತ್ತಿದ್ದೇನೆ ಎಂದೆ. ನಿಮಗೆ ಮನಸ್ಸಿಲ್ಲದ ಕೆಲಸವನ್ನು ಮಾಮ ಹೇಗೆ ತಪ್ಪಿಸಿದರು ಎಂಬುದನ್ನೂ ಬರೆಯುತ್ತೇನೆ ಎಂದೆ.

"ನಂಗೆ ಮನಸ್ಸಿರ್ಲಿಲ್ಲ ಹೇಳಿ ನಿಮಗೆ ಯಾರು ಹೇಳ್ದ್ರು ಮಾಸ್ತರ್ರೇ?"

"ಯಾರೂ ಹೇಳಲಿಲ್ಲ. ನೀವು ಸುಮ್ಮನಾದಿರಿ."

"ಸುಮ್ಮನಾದೆ. ಬ್ಯಾಡ ಅಂದೆನಾ?"

ಬಂಗಡೆಯ ಮೇಲೆ ನೀರು ಚಿಮುಕಿಸಿದಳು. ಪಕ್ಕದವಳು ಊಟಕ್ಕೆ ಎದ್ದು ಹೋಗುವವರೆಗೆ ಕಾದಳು. ಆಮೇಲೆ ಮೀನಿನ ಕಡೆ ನೋಡುತ್ತಲೇ ಹೇಳಿದಳು.

"ಆ ಮನೇಲಿ ನಂಗೆ ಅತ್ತು ಕೂಗೂಕೆ ಜಾಗ ಇರ್ಲಿಲ್ಲ. ಒಳಗೆ ಕೂಗಿದ್ರೆ ಮುದುಕಿಗೆ ಮಗ ಸತ್ತ ಹೇಳ್ದಂಗೆ. ಹೊರಗೆ ಕೂಗಿದ್ರೆ ಊರಿಗೆ ಹೇಳ್ದಂಗೆ. ಅಂವ ಇಲ್ಲ ಹೇಳಿ ನಂಗೆ ದೋಣಿ ಮುಳುಗಿದ ದಿನವೇ ಗೊತ್ತಾಗಿತ್ತು. ಎಷ್ಟು ವರ್ಷ ಬರ್ತಾನೆ ಬರ್ತಾನೆ ಅನ್ನೂದು? ನೀವು ಓದಿ ಹೇಳ್ದಾಗ, ಹೋ, ಬಾಗ್ಲು ಹಾಕ್ಕಣೂಕೆ ಒಂದು ನೆವ ಸಿಕ್ತು ಅನ್ಸ್ತು. ಹಿಂದಿನ ದಿನ ಮಾಮನ ಹತ್ರ ಹೇಳ್ದೆ, ನಾ ಒರೆಸ್ತೆ, ಆದ್ರೆ ಯಾರೂ ನೋಡೂಕಾಗ್ದು, ನೀವೂ ನೋಡೂಕಾಗ್ದು."

"ಅವರು ಎಂತ ಹೇಳಿದರು?"

"ಎಂತ ಇಲ್ಲ. ಕನ್ನಡಿ ತೆಗ್ದು, ಕ್ಯಾಮೆರಾ ಗೋಡೆ ಬದಿಗೆ ತಿರುಗಿಸ್ದ್ರು. ತಾವೂ ನಂಗೆ ಬೆನ್ನು ಹಾಕಿ ನಿಂತ್ರು. ನಾ ಅವ್ರ ಹಿಂದೆ, ಕೋಣೆ ಮೂಲೇಲಿ. ಒರೆಸ್ದೆ. ಬಳೆ ಬಿಚ್ಚಿಟ್ಟೆ. ಬಾಯಿಗೆ ಸೆರಗು ತುರ್ಕಂಡು ಕೂಗ್ದೆ. ಅವ್ರು ತಿರುಗ್ಲಿಲ್ಲ. ಸಾಕಾದ ಮೇಲೆ ಮುಖ ತೊಳ್ದೆ, ಮತ್ತೆ ಹಚ್ಕಂಡೆ, ಬಳೆ ಹಾಕ್ಕಂಡೆ. ‘ಆತಾ?’ ಕೇಳ್ದ್ರು. ‘ಆತು’ ಅಂದೆ."

ಇಷ್ಟು ವರ್ಷ ಆ ಗೋಡೆ ಅವಳ ಕಣ್ಣಿಗೆ ಕಂಡದ್ದು ಎಂದು ಊರೂರಲ್ಲಿ ಹೇಳಿಕೊಂಡು ಬಂದಿದ್ದೆ. ಅವಳು ಆ ಹೊತ್ತು ಆ ಗೋಡೆ ನೋಡಿಯೇ ಇರಲಿಲ್ಲ. ಅದು ಬೆನ್ನ ಹಿಂದೆ ಒಂದು ಹೆಂಗಸು ಅಳುತ್ತಿರುವಾಗ ತಿರುಗದೆ ನಿಂತ ಒಬ್ಬ ಮುದುಕ ನೋಡಿದ್ದು. ಫೋಕಸ್ ಸಡಿಲಿಸಿದ್ದು ಕಲೆಯಲ್ಲ, ಅವರ ಕೈ.

"ಈಗಲೂ ಕುಂಕುಮ ಇಡುತ್ತೀರಲ್ಲ" ಎಂದೆ. ಕೇಳಬಾರದಿತ್ತೇನೋ.

"ಮುದುಕಿ ಇದ್ದಾಳಲ್ಲ. ಅವಳ ಮಗ ಇದ್ದಾನೆ. ನನ್ನ ಗಂಡ ಆವತ್ತು ಆ ಕೋಣೇಲಿ ಹೋದ."

"ಇದನ್ನು ಬರೆಯಬಹುದಾ?"

"ಬರೀರಿ. ಮುದುಕಿಗೆ ಓದೂಕೆ ಬರೂದಿಲ್ಲ. ಓದೂಕೆ ಬರುವವರು ಅವಳ ಹತ್ರ ಮಾತಾಡೂದಿಲ್ಲ. ನನ್ನ ಹೆಸ್ರು ಬ್ಯಾಡ."

ಒಬ್ಬ ಗಿರಾಕಿ ಬಂದ, ಶೆಟ್ಲಿಯ ಬೆಲೆ ಕೇಳಿ ಹೋದ. ಅವಳು ಅವನ ಬೆನ್ನಿಗೆ ಒಂದು ಬೈಗುಳ ಎಸೆದು ನನ್ನ ಕಡೆ ತಿರುಗಿದಳು.

"ಪ್ರತಿ ವರ್ಷ ಆ ದಿನ ನಾ ಮೀನು ಮುಟ್ಟೂದಿಲ್ಲ. ಪೇಟೆಗೆ ಬರೂದಿಲ್ಲ, ಮೈ ಸರಿ ಇಲ್ಲ ಹೇಳ್ತೆ. ಅದು ಯಾವ ದಿನ ಹೇಳಿ ಗೊತ್ತಿದ್ದದ್ದು ಮಾಮನಿಗೆ ಮಾತ್ರ. ಮಧ್ಯಾಹ್ನ ಫೋನು ಮಾಡ್ತಿದ್ರು. ಅವ್ರಿಗೇ ಮೈ ಸರಿ ಇಲ್ದೇ ಇದ್ದಾಗೂ ಮಾಡಿದ್ರು. ಆ ದಿನ ಮುಂದಿನ ತಿಂಗಳು ಮತ್ತೆ ಬರ್ತದೆ."

ಯಾವ ದಿನ ಎಂದು ಕೇಳಿದೆ. ಶೂಟಿಂಗ್ ನನ್ನದು, ದಿನ ನಿಶ್ಚಯ ಮಾಡಿದವನೂ ನಾನೇ. ಮಳೆ ಮುಗಿದ ಮೇಲೆ ಎಂಬುದಷ್ಟೇ ನೆನಪಿತ್ತು. ಅವಳು ತಾರೀಖು ಹೇಳಿದಳು. ನಾನು ಮೊಬೈಲು ತೆಗೆದು ಆ ದಿನಕ್ಕೆ ಗುರುತು ಹಾಕಿಕೊಂಡೆ.

"ಫೋನಿನಲ್ಲಿ ಎಂತ ಮಾತಾಡಬೇಕು?"

"ಎಂತ ಮಾತಾಡೂದು ಬ್ಯಾಡ. ಊಟ ಆತಾ ಕೇಳಿ, ಸಾಕು."